ತೀರ್ಪು ಮತ್ತು ಅದರ ತಾರೀಖು: ಝಾವ್ ಜಿಚೆನ್ ಹಾಗೂ ಚೀನಾದ ವಿದ್ವಾಂಸರ ಕೀರ್ತಿ–ಅಪಕೀರ್ತಿ

ಧರ್ಮಸಭೆಯ ಇತಿಹಾಸದ ತರಗತಿಯಲ್ಲಿ ಚೀನಾ ದೇಶಕ್ಕೆ ನಾವು ಕೊಡುವ ಸಮಯ ಬಹಳ ಕಡಿಮೆ. ಮತ್ತೆಯೊ ರಿಚ್ಚಿ, ಚೀನೀ ಆಚರಣೆಗಳ ವಿವಾದ, ಬಾಕ್ಸರ್ ದಂಗೆಯ ರಕ್ತಸಾಕ್ಷಿಗಳು, 1949ರ ಕ್ರಾಂತಿ, ಬಳಿಕದ ಸೆರೆಮನೆಗಳು, ಇಷ್ಟನ್ನು ಎರಡು ಮೂರು ಗಂಟೆಗಳಲ್ಲಿ ಹೇಳಿ ಮುಂದಿನ ಅಧ್ಯಾಯಕ್ಕೆ ಹೋಗುವುದು ರೂಢಿ. ಒಮ್ಮೆ ಹೀಗೆ ಮುಗಿಸುವ ಹೊತ್ತಿನಲ್ಲಿ ಝಾವ್ ಜಿಚೆನ್ ಎಂಬ ಪ್ರೊಟೆಸ್ಟೆಂಟ್ ದೈವಶಾಸ್ತ್ರಜ್ಞರ ಹೆಸರನ್ನು ನಾವು ಪ್ರಸ್ತಾಪಿಸಿದೆವು. ಪಾಶ್ಚಾತ್ಯ ಗ್ರಂಥಗಳಲ್ಲಿ ಇವರು ಟಿ. ಸಿ. ಚಾವ್ ಎಂದೇ ಪರಿಚಿತರು. ಹಿಂದಿನ ಸಾಲಿನಲ್ಲಿದ್ದ ಬ್ರದರ್ ಒಬ್ಬರು ಎದ್ದು ನಿಂತು, “ಅವರು ಕೊನೆಯವರೆಗೂ ಕ್ರೈಸ್ತರಾಗಿಯೇ ಉಳಿದರೇ, ಫಾದರ್?” ಎಂದು ಕೇಳಿದರು. “ಉಳಿಯಲಿಲ್ಲವೆಂದು ಕೆಲವರು ಹೇಳುತ್ತಾರೆ” ಎಂದು ಉತ್ತರಿಸಿ ಗಂಟೆ ಬಾರಿಸಿದ ಕೂಡಲೇ ತರಗತಿಯಿಂದ ಹೊರಬಂದೆವು. ಆ ಉತ್ತರ ನಮ್ಮನ್ನು ಬಹುದಿನ ಕಾಡಿತು. ಹಾಗೆ ಹೇಳಿದ ಆ ‘ಕೆಲವರು’ ಯಾರು? ಯಾವಾಗ ಹೇಳಿದರು? ಯಾವ ಅಗತ್ಯಕ್ಕಾಗಿ ಹೇಳಿದರು? ಈ ಮೂರು ಪ್ರಶ್ನೆಗಳನ್ನು ಕೇಳದೆ ಒಬ್ಬ ಮನುಷ್ಯನ ವಿಶ್ವಾಸದ ಬಗ್ಗೆ ನಾವು ತೀರ್ಪನ್ನು ದಾಟಿಸಿಬಿಟ್ಟಿದ್ದೆವು. ಈ ಲೇಖನ ಆ ಬ್ರದರ್‌ಗೆ ತಡವಾಗಿ ಕೊಡುತ್ತಿರುವ ಉತ್ತರ.

ವಿದ್ವಾಂಸರ ಹೆಸರನ್ನು ಎತ್ತುವುದೂ ಇಳಿಸುವುದೂ ಪ್ರಭುತ್ವದ ಕೆಲಸವೆಂಬ ಭಾವನೆ ಚೀನಾದಲ್ಲಿ ಕಮ್ಯುನಿಸ್ಟರಿಂದ ಹುಟ್ಟಿದ್ದಲ್ಲ. ಅಲ್ಲಿ ಒಂದು ರಾಜವಂಶದ ಅಧಿಕೃತ ಚರಿತ್ರೆಯನ್ನು ಬರೆಯಿಸುತ್ತಿದ್ದುದು ಅದನ್ನು ಉರುಳಿಸಿ ಬಂದ ವಂಶ. ಶ್ಲಾಘನೆಯೂ ಖಂಡನೆಯೂ ಇತಿಹಾಸಕಾರನ ಕರ್ತವ್ಯವೆಂದು ಕನ್‌ಫ್ಯೂಷಿಯಸ್‌ನ ಪರಂಪರೆ ಕಲಿಸಿತ್ತು. ದೊಡ್ಡ ಅಧಿಕಾರಿ ತೀರಿಕೊಂಡರೆ ಆಸ್ಥಾನವೇ ಅವನಿಗೆ ಮರಣೋತ್ತರ ನಾಮವನ್ನು ನೀಡುತ್ತಿತ್ತು. ರಿಚ್ಚಿಯೊಡನೆ ಕೂತು ಯೂಕ್ಲಿಡ್‌ನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಚೀನೀ ಭಾಷೆಗೆ ತಂದ, 1603ರಲ್ಲಿ ಪೌಲ ಎಂಬ ಹೆಸರಿನಿಂದ ದೀಕ್ಷಾಸ್ನಾನ ಪಡೆದ ಶೂ ಗುವಾಂಗ್‌ಚಿಗೂ 1633ರಲ್ಲಿ ತೀರಿಕೊಂಡ ಮೇಲೆ ಅಂಥದೊಂದು ನಾಮ ಸಂದಿತ್ತು. ಕನ್‌ಫ್ಯೂಷಿಯಸ್‌ನ ಕೀರ್ತಿಯೂ ಇದಕ್ಕೆ ಹೊರತಲ್ಲ. ಎರಡು ಸಾವಿರ ವರ್ಷ ಪೂಜ್ಯನಾಗಿದ್ದವನು 1919ರ ಮೇ ನಾಲ್ಕರ ಚಳವಳಿಯ ತರುಣರಿಗೆ ದೇಶದ ಹಿಂದುಳಿಯುವಿಕೆಯ ಮೂಲನಾದ. 1966ರಲ್ಲಿ ಕೆಂಪು ಕಾವಲುಪಡೆಯವರು ಚೂಫುವಿನಲ್ಲಿದ್ದ ಅವನ ದೇವಾಲಯಕ್ಕೂ ಸಮಾಧಿಗೂ ನುಗ್ಗಿದರು. 2004ರಿಂದೀಚೆಗೆ ಅದೇ ಸರಕಾರ ಅವನ ಹೆಸರಿನಲ್ಲಿ ಲೋಕದಾದ್ಯಂತ ಭಾಷಾಕೇಂದ್ರಗಳನ್ನು ತೆರೆಯಿಸಿತು. ಈ ಅವಧಿಯಲ್ಲಿ ಅವನ ಮಾತುಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಹೊಸದಾಗಿ ಬಂದದ್ದೆಂದರೆ ಎರಡು ಪ್ರಭುತ್ವಗಳು ಏಕಕಾಲದಲ್ಲಿ ಎರಡು ತೀರ್ಪುಗಳನ್ನು ಬರೆಯತೊಡಗಿದ್ದು. ಹೂ ಶಿ ಮತ್ತು ಲೂ ಶುನ್ ಇದಕ್ಕೆ ತಕ್ಕ ಉದಾಹರಣೆ. ಇಬ್ಬರೂ ಆಡುಮಾತಿನ ಸಾಹಿತ್ಯಕ್ಕಾಗಿ ಹೋರಾಡಿದ ಒಂದೇ ಪೀಳಿಗೆಯವರು. 1936ರಲ್ಲಿ ತೀರಿಕೊಂಡ ಲೂ ಶುನ್ ಕಮ್ಯುನಿಸ್ಟ್ ಪಕ್ಷವನ್ನು ಎಂದೂ ಸೇರಲಿಲ್ಲ. ಆದರೂ 1940ರಲ್ಲಿ ಮಾವೋ ತನ್ನ ಪ್ರಬಂಧವೊಂದರಲ್ಲಿ ಆತನನ್ನು ಹೊಸ ಸಂಸ್ಕೃತಿಯ ಮಹಾಸೇನಾನಿಯೆಂದು ಕೊಂಡಾಡಿದ ಮೇಲೆ ಮುಖ್ಯಭೂಮಿಯಲ್ಲಿ ಆತನಿಗೆ ಸಂತಪದವಿಯೇ ದೊರೆತಂತಾಯಿತು. ತೈವಾನಿನಲ್ಲಿ ಸೈನಿಕ ಕಾಯಿದೆ ಜಾರಿಯಲ್ಲಿದ್ದ ಕಾಲವೆಲ್ಲ ಅದೇ ಲೂ ಶುನ್‌ನ ಕೃತಿಗಳು ನಿಷಿದ್ಧ. ಅಮೆರಿಕದಲ್ಲಿ ಜಾನ್ ಡ್ಯೂಯಿಯ ಶಿಷ್ಯನಾಗಿದ್ದ ಹೂ ಶಿ ತೈವಾನಿನ ಅತ್ಯುನ್ನತ ವಿದ್ಯಾಸಂಸ್ಥೆಯ ಅಧ್ಯಕ್ಷನಾಗಿ 1962ರಲ್ಲಿ ಮೃತನಾದ. ಮುಖ್ಯಭೂಮಿಯಲ್ಲಿ ಮಾತ್ರ 1954–55ರಲ್ಲಿ ಆತನ ವಿಚಾರಗಳ ಮೇಲೆ ದೇಶವ್ಯಾಪಿ ಖಂಡನಾಭಿಯಾನವೇ ನಡೆದು, ಆ ಲೇಖನಗಳು ಎಂಟು ಸಂಪುಟಗಳಾದವು. ಬರೆದವರಲ್ಲಿ ಆತನ ಗೆಳೆಯರೂ ವಿದ್ಯಾರ್ಥಿಗಳೂ ಇದ್ದರು. 2003ರಲ್ಲಿ ಅದೇ ಮುಖ್ಯಭೂಮಿಯ ಪ್ರಕಾಶನವೊಂದು ಹೂ ಶಿಯ ಸಮಗ್ರ ಕೃತಿಗಳನ್ನು 44 ಸಂಪುಟಗಳಲ್ಲಿ ಹೊರತಂದಿತು. ಹೂ ಶಿ ಕ್ರೈಸ್ತನಲ್ಲ. 1911ರಲ್ಲಿ, ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗ, ಒಂದು ಕ್ರೈಸ್ತ ಶಿಬಿರದಲ್ಲಿ ಮನಕರಗಿ ಕ್ರೈಸ್ತನಾಗುವೆನೆಂದು ಹೇಳಿ, ಆಮೇಲೆ ಹಿಂದೆಗೆದ. ಅದು ಇಲ್ಲಿ ಪ್ರಾಸಂಗಿಕ ಮಾತು ಮಾತ್ರ.

ಪ್ರಾಸಂಗಿಕವಲ್ಲದ ಸಂಗತಿ ಇನ್ನೊಂದಿದೆ. ಚೀನಾದಲ್ಲಿಯೇ ಉಳಿದ ಹೂ ಶಿಯ ಕಿರಿಯ ಮಗ 1950ರಲ್ಲಿ ತಂದೆಯನ್ನು ಜನತೆಯ ಶತ್ರುವೆಂದು ಖಂಡಿಸಿ ಬರೆದ ಹೇಳಿಕೆ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಆಗ ಅಮೆರಿಕದಲ್ಲಿದ್ದ ತಂದೆ, ಅಲ್ಲಿ ಮಾತಿನ ಸ್ವಾತಂತ್ರ್ಯ ಇಲ್ಲವೆಂಬುದು ಎಲ್ಲರಿಗೂ ಗೊತ್ತು, ಮೌನವಾಗಿರುವ ಸ್ವಾತಂತ್ರ್ಯವೂ ಇಲ್ಲ ಎಂಬರ್ಥದ ಮಾತನ್ನಾಡಿದ. ಆ ಮಗ 1957ರಲ್ಲಿ ಬಲಪಂಥೀಯನೆಂಬ ಹಣೆಪಟ್ಟಿ ಹೊತ್ತು ಆತ್ಮಹತ್ಯೆ ಮಾಡಿಕೊಂಡ. ಮೌನಕ್ಕೂ ಅವಕಾಶವಿಲ್ಲದ ಕಾಲದಲ್ಲಿ ಒಬ್ಬನು ಆಡಿದ ಮಾತನ್ನು ಅವನ ಮನಸ್ಸೆಂದು ಓದುವುದು ಹೇಗೆ ಎಂಬ ಪ್ರಶ್ನೆ ಝಾವ್ ಜಿಚೆನ್ ವಿಷಯದಲ್ಲಿಯೂ ನಮ್ಮನ್ನು ಎದುರಾಗುತ್ತದೆ.

ನಮ್ಮ ಕಥೋಲಿಕ ಓದುಗರಿಗೆ ಹತ್ತಿರದ ಒಂದು ಪ್ರಸಂಗವನ್ನು ಇಲ್ಲಿಯೇ ಹೇಳಿಬಿಡಬೇಕು. ಬೀಜಿಂಗಿನ ಫೂ ರೆನ್ ಕಥೋಲಿಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಚೆನ್ ಯುವಾನ್ ಮಹಾನ್ ಇತಿಹಾಸಕಾರ. ಮಂಗೋಲ್ ಅರಸರ ಕಾಲದ ಚೀನೀ ಕ್ರೈಸ್ತರ ಬಗ್ಗೆ 1917ರಷ್ಟು ಹಿಂದೆಯೇ ಬರೆದವರು. ಕಾಂಗ್‌ಶಿ ಚಕ್ರವರ್ತಿಗೂ ರೋಮಿನ ಪ್ರತಿನಿಧಿಗೂ ನಡುವೆ ನಡೆದ ವ್ಯವಹಾರದ ಕಾಗದಪತ್ರಗಳನ್ನು ಬೆಳಕಿಗೆ ತಂದವರು. 1949ರ ಮೇ ತಿಂಗಳಲ್ಲಿ ಕಮ್ಯುನಿಸ್ಟ್ ಪಕ್ಷದ ದಿನಪತ್ರಿಕೆಯಲ್ಲಿ ಅವರ ಹೆಸರಿನ ಬಹಿರಂಗ ಪತ್ರವೊಂದು ಪ್ರಕಟವಾಯಿತು. ಅದು ಹಳೆಯ ಮಿತ್ರ ಹೂ ಶಿಗೆ, ತಪ್ಪುದಾರಿ ಬಿಟ್ಟು ಜನತೆಯ ಕಡೆಗೆ ಬಾ ಎಂದು ಕರೆಯುವ ಪತ್ರ. ಹೂ ಶಿ ಅದನ್ನು ನಂಬಲಿಲ್ಲ. ಇದು ಚೆನ್ ಅವರ ಬರಹವಲ್ಲ ಎಂದು ವಾದಿಸಿ ಬರೆದ. ಹತ್ತು ವರ್ಷಗಳ ಬಳಿಕ ಚೆನ್ ಯುವಾನ್ ಪಕ್ಷದ ಸದಸ್ಯರಾದರು. ಒಂದು ಕಡೆಯವರಿಗೆ ಅವರು ದೇಶಭಕ್ತ ವಿದ್ವಾಂಸ, ಇನ್ನೊಂದು ಕಡೆಯವರಿಗೆ ಕಾಲಕ್ಕೆ ತಕ್ಕಂತೆ ಬಾಗಿದವರು. ಅವರ ಕ್ರೈಸ್ತ ಚರಿತ್ರೆಯ ಸಂಶೋಧನೆಯನ್ನು ಮಾತ್ರ ಇಂದಿಗೂ ಎಲ್ಲರೂ ಉಪಯೋಗಿಸುತ್ತಾರೆ.

ಈಗ ಝಾವ್ ಅವರ ವಿಷಯಕ್ಕೆ ಬರೋಣ. 1888ರಲ್ಲಿ ಜೆಜಿಯಾಂಗ್ ಪ್ರಾಂತದ ದೆಚಿಂಗ್‌ನಲ್ಲಿ ಜನನ. ಸೂಚೌ ವಿಶ್ವವಿದ್ಯಾಲಯದಲ್ಲಿ ಓದಿ, 1914ರಿಂದ 1917ರವರೆಗೆ ಅಮೆರಿಕದ ವಾಂಡರ್‌ಬಿಲ್ಟ್‌ನಲ್ಲಿ ಸಮಾಜಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಅಭ್ಯಸಿಸಿದರು. 1928ರ ಹೊತ್ತಿಗೆ ಬೀಜಿಂಗಿನ ಯೆನ್‌ಚಿಂಗ್ ವಿಶ್ವವಿದ್ಯಾಲಯದ ಧರ್ಮವಿಭಾಗದ ಮುಖ್ಯಸ್ಥರಾದರು. ಅವರು ಬರೆಯತೊಡಗಿದ ಕಾಲ ಚೀನೀ ಕ್ರೈಸ್ತರಿಗೆ ಸುಖದ ಕಾಲವಾಗಿರಲಿಲ್ಲ. 1922ರಲ್ಲಿ ಜಾಗತಿಕ ಕ್ರೈಸ್ತ ವಿದ್ಯಾರ್ಥಿ ಸಂಘಟನೆಯ ಸಮಾವೇಶ ಬೀಜಿಂಗಿನಲ್ಲಿ ಸೇರಿದ್ದೇ ನೆಪವಾಗಿ ಕ್ರೈಸ್ತವಿರೋಧಿ ಚಳವಳಿ ಭುಗಿಲೆದ್ದಿತ್ತು. ಒಬ್ಬ ಕ್ರೈಸ್ತ ಹೆಚ್ಚಿದರೆ ಒಬ್ಬ ಚೀನೀಯ ಕಡಿಮೆಯಾದಂತೆ ಎಂಬ ಮಾತು ಆಗ ಜನಜನಿತವಾಗಿತ್ತು. ಕ್ರೈಸ್ತ ವಿದ್ವಾಂಸನೆಂದರೆ ಸಾಮ್ರಾಜ್ಯಶಾಹಿಯ ಬಾಲಬಡುಕ ಎಂಬುದು ಝಾವ್ ಅವರ ಮೇಲೆ ಬಿದ್ದ ಮೊದಲ ತೀರ್ಪು. ಅದು ಅವರೊಬ್ಬರ ಮೇಲೆ ಬಿದ್ದದ್ದಲ್ಲ, ಇಡೀ ಪೀಳಿಗೆಯ ಮೇಲೆ ಬಿದ್ದದ್ದು. ಅದಕ್ಕೆ ಅವರು ಪುಸ್ತಕಗಳಿಂದಲೇ ಉತ್ತರ ಕೊಟ್ಟರು. 1935ರಲ್ಲಿ ಪ್ರಕಟವಾದ ಅವರ ಯೇಸುಚರಿತ್ರೆ ಪಾಶ್ಚಾತ್ಯ ಗ್ರಂಥವೊಂದರ ಭಾಷಾಂತರವಲ್ಲ. ಚೀನೀ ಓದುಗನಿಗಾಗಿ ಚೀನೀ ಲೇಖಕನೊಬ್ಬನು ತನ್ನದೇ ಭಾಷೆಯ ಸಾಹಿತ್ಯಸಂಸ್ಕಾರದಲ್ಲಿ ಬರೆದ ಯೇಸುಸ್ವಾಮಿಯ ಕಥೆ.

ಝಾವ್ ನಮ್ಮ ನೆಲಕ್ಕೂ ಬಂದಿದ್ದರೆಂಬುದನ್ನು ಇಲ್ಲಿಯ ವಿದ್ಯಾರ್ಥಿಗಳು ತಿಳಿದಿರಬೇಕು. 1938ರ ಡಿಸೆಂಬರಿನಲ್ಲಿ ಮದರಾಸಿನ ಹತ್ತಿರದ ತಾಂಬರಂನಲ್ಲಿ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನ ನಡೆಯಿತು. ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್ ಕ್ರಿಸ್ತನಲ್ಲಿಯ ದೈವಪ್ರಕಟಣೆಗೂ ಇತರ ಧರ್ಮಗಳಿಗೂ ನಡುವೆ ಸೇತುವೆಯಿಲ್ಲವೆಂಬಂತೆ ಬರೆದಿದ್ದ ಗ್ರಂಥ ಅಲ್ಲಿಯ ಚರ್ಚೆಯ ಕೇಂದ್ರ. ದಕ್ಷಿಣ ಭಾರತದ ಚೆಂಚಯ್ಯ, ಚಕ್ಕರೈ ಮೊದಲಾದವರು ಅದಕ್ಕೆ ಮೊದಲೇ ಪ್ರತಿಗ್ರಂಥವೊಂದನ್ನು ಸಿದ್ಧಪಡಿಸಿದ್ದರು. ಚೀನಾದಿಂದ ಬಂದ ಝಾವ್ ಕೂಡ ತಮ್ಮದೇ ದಾರಿಯಲ್ಲಿ ಕ್ರೇಮರರಿಂದ ಭಿನ್ನಮತ ತಾಳಿ, ದೇವರು ಇತರ ಜನಾಂಗಗಳ ಜ್ಞಾನಿಗಳಲ್ಲಿಯೂ ತನ್ನನ್ನು ಸಾಕ್ಷಿಯಿಲ್ಲದೆ ಬಿಡಲಿಲ್ಲವೆಂದು ಪ್ರತಿಪಾದಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಗೆ ಕಾಲು ಶತಮಾನ ಮುನ್ನ ಏಷ್ಯಾದ ಕ್ರೈಸ್ತರು ಇಂಥ ಮಾತನ್ನು ಇಲ್ಲಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿ ಆಡಿದ್ದರು.

1941ರಲ್ಲಿ ಅವರು ಹಾಂಗ್‌ಕಾಂಗಿನಲ್ಲಿ ಆಂಗ್ಲಿಕನ್ ಗುರುದೀಕ್ಷೆ ಪಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿಯ ಬೆನ್ನಿಗೇ ಜಪಾನೀ ಸೇನೆ ಯೆನ್‌ಚಿಂಗ್ ವಿಶ್ವವಿದ್ಯಾಲಯವನ್ನು ಮುಚ್ಚಿಸಿ, ಅವರನ್ನೂ ಅವರ ಕೆಲವು ಸಹೋದ್ಯೋಗಿಗಳನ್ನೂ ಬಂಧಿಸಿತು. ಸುಮಾರು ಆರು ತಿಂಗಳ ಸೆರೆವಾಸ. ಅದರ ಅನುಭವವನ್ನು ಅವರು ಪುಸ್ತಕವಾಗಿ ಬರೆದರು. ಸೆರೆಮನೆಗೆ ಹೋದ ಝಾವ್ ಯೇಸುವನ್ನು ಮುಖ್ಯವಾಗಿ ಮಹಾಮಾನವನೆಂದು, ನೀತಿಯ ಆದರ್ಶವೆಂದು ಕಂಡ ಉದಾರವಾದಿ. ಹೊರಬಂದ ಮೇಲೆ ಅವರ ಬರಹದಲ್ಲಿ ಪಾಪ, ಮನುಷ್ಯಾವತಾರ, ರಕ್ಷಣೆ ಎಂಬ ಮಾತುಗಳಿಗೆ ಹೊಸ ಭಾರ ಬರುತ್ತದೆ. ಯಾವ ಪಕ್ಷದ ಒತ್ತಾಯವೂ ಇಲ್ಲದೆ ನಡೆದ ಈ ಬದಲಾವಣೆಯೇ ನಮ್ಮ ದೃಷ್ಟಿಯಲ್ಲಿ ಅವರ ಬದುಕಿನ ದೊಡ್ಡ ಘಟನೆ. ಅವರ ಬಗ್ಗೆ ತೀರ್ಪು ಬರೆದವರಲ್ಲಿ ಹೆಚ್ಚಿನವರು ಇದನ್ನು ಗಮನಿಸಲೇ ಇಲ್ಲ.

1948ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಜಾಗತಿಕ ಕ್ರೈಸ್ತಸಭೆಗಳ ಮಂಡಳಿ ಸ್ಥಾಪನೆಯಾದಾಗ ಅದರ ಆರು ಮಂದಿ ಅಧ್ಯಕ್ಷರಲ್ಲಿ ಝಾವ್ ಒಬ್ಬರಾದರು. ಅದು ಅವರ ಕೀರ್ತಿಯ ಶಿಖರ. ಮರುವರ್ಷ ಕಮ್ಯುನಿಸ್ಟರು ಬೀಜಿಂಗನ್ನು ಹಿಡಿದರು. ಅವರು ಓಡಿಹೋಗಲಿಲ್ಲ, ಹೊಸ ಆಡಳಿತದ ಪ್ರಾಮಾಣಿಕತೆಯನ್ನು ಮೆಚ್ಚಿ ಅಮೆರಿಕದ ಕ್ರೈಸ್ತ ಪತ್ರಿಕೆಯೊಂದಕ್ಕೆ ಬರೆದರು. ಸೆಪ್ಟೆಂಬರಿನಲ್ಲಿ ಸೇರಿದ ರಾಜಕೀಯ ಸಲಹಾ ಸಮ್ಮೇಳನಕ್ಕೆ ಐವರು ಪ್ರೊಟೆಸ್ಟೆಂಟ್ ಪ್ರತಿನಿಧಿಗಳಲ್ಲಿ ಒಬ್ಬರಾಗಿ ಹೋದರು. 1950ರ ಜುಲೈಯಲ್ಲಿ ಟೊರಾಂಟೋದಲ್ಲಿ ಸೇರಿದ ಮಂಡಳಿಯ ಕೇಂದ್ರಸಮಿತಿ ಕೊರಿಯಾ ಯುದ್ಧದಲ್ಲಿ ವಿಶ್ವಸಂಸ್ಥೆಯ ಸೈನಿಕ ಕ್ರಮವನ್ನು ಬೆಂಬಲಿಸಿತು. ಕೆಲವೇ ತಿಂಗಳಲ್ಲಿ ಚೀನೀ ಸೈನಿಕರೇ ಆ ಯುದ್ಧದಲ್ಲಿ ಸಾಯುತ್ತಿದ್ದರು. 1951ರಲ್ಲಿ ಝಾವ್ ಅಧ್ಯಕ್ಷಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಇವರ ಈ ಕಾಲದ ನಿಲುವುಗಳನ್ನೆಲ್ಲ ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಹೊಸ ಆಡಳಿತವನ್ನು ಅವರು ತಪ್ಪಾಗಿ ಅಳೆದರು. ಅವರು ಸ್ವಾಗತಿಸಿದ ವ್ಯವಸ್ಥೆಯ ಕೈಯಲ್ಲಿ ಅನೇಕ ಗುರುಗಳೂ ಕನ್ಯಾಸ್ತ್ರೀಯರೂ ಶ್ರೀಸಾಮಾನ್ಯ ವಿಶ್ವಾಸಿಗಳೂ ನರಳಿದರು. ಆದರೆ ಅವರು ಹೀಗೆ ಅಳೆದದ್ದು 1949ರಲ್ಲಿ. ಹಣದುಬ್ಬರ, ಲಂಚ, ಅಂತರ್ಯುದ್ಧಗಳಿಂದ ಬೇಸತ್ತ ನಗರದಲ್ಲಿ ಕೂತು ಅಳೆದದ್ದು. ಮುಂದಿನ ಮೂವತ್ತು ವರ್ಷಗಳ ಚರಿತ್ರೆ ಗೊತ್ತಿರುವ ನಾವು ಅಷ್ಟನ್ನಾದರೂ ನೆನಪಿಡಬೇಕು.

ಹೊಸ ಆಡಳಿತ ಅವರ ಸ್ವಾಗತಕ್ಕೆ ಬೆಲೆ ಕೊಡಲಿಲ್ಲ. 1952ರಲ್ಲಿ ಯೆನ್‌ಚಿಂಗ್‌ನಲ್ಲಿ ವಿಚಾರಪರಿವರ್ತನೆಯ ಅಭಿಯಾನ ನಡೆದಾಗ, ಆಮ್‌ಸ್ಟರ್‌ಡಾಮಿನ ಅಧ್ಯಕ್ಷಸ್ಥಾನವೂ ಅಮೆರಿಕದ ಪ್ರಿನ್ಸ್‌ಟನ್ ಕೊಟ್ಟಿದ್ದ ಗೌರವ ಡಾಕ್ಟರೇಟೂ ಅಪರಾಧದ ಸಾಕ್ಷ್ಯಗಳಾದವು. ಸಹೋದ್ಯೋಗಿಗಳು, ಶಿಷ್ಯರು ಸಭೆಯಲ್ಲಿ ನಿಂತು ಅವರನ್ನು ಅಮೆರಿಕದ ಸಾಮ್ರಾಜ್ಯಶಾಹಿಯ ಕೈಗೊಂಬೆಯೆಂದು ದೂರಿದರು. ಅವರು ಆತ್ಮವಿಮರ್ಶೆಯನ್ನು ಬರೆದುಕೊಟ್ಟರು. ಸಾಲದೆಂದು ಮತ್ತೆ ಬರೆಯಿಸಿದರು. ವಿಭಾಗದ ಮುಖ್ಯಸ್ಥರ ಹುದ್ದೆ ಹೋಯಿತು. ಆ ವರ್ಷವೇ ಯೆನ್‌ಚಿಂಗ್ ವಿಶ್ವವಿದ್ಯಾಲಯವನ್ನೇ ರದ್ದುಗೊಳಿಸಿ, ಅದರ ಆವರಣವನ್ನು ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಕೊಡಲಾಯಿತು. ದುಃಖ ಆ ಮನೆಯನ್ನು ಅಲ್ಲಿಗೆ ಬಿಡಲಿಲ್ಲ. ಅವರ ಅಳಿಯ ಚೆನ್ ಮೆಂಗ್‌ಜಿಯಾ ಕವಿ, ಪ್ರಾಚೀನ ಅಸ್ಥಿಲೇಖಗಳ ವಿದ್ವಾಂಸ, ಪ್ರೊಟೆಸ್ಟೆಂಟ್ ಬೋಧಕರೊಬ್ಬರ ಮಗ. ಚೀನೀ ಅಕ್ಷರಗಳನ್ನು ಸರಳಗೊಳಿಸುವ ಯೋಜನೆಯನ್ನು ಟೀಕಿಸಿದ್ದಕ್ಕಾಗಿ 1957ರಲ್ಲಿ ಬಲಪಂಥೀಯನೆನಿಸಿ, 1966ರ ಸೆಪ್ಟೆಂಬರಿನಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ.

ಇಷ್ಟೆಲ್ಲ ಚೀನಾದ ಒಳಗಿನ ಮಾತು. ಹೊರಗೆ ಏನಾಯಿತು? ಶೀತಲ ಸಮರದ ಪಶ್ಚಿಮಕ್ಕೆ ಚೀನೀ ಕ್ರೈಸ್ತರಲ್ಲಿ ಎರಡೇ ಬಗೆಯವರು ಬೇಕಾಗಿದ್ದರು: ಸೆರೆಮನೆಗೆ ಹೋದ ವೀರರು, ಪ್ರಭುತ್ವಕ್ಕೆ ಶರಣಾದ ದ್ರೋಹಿಗಳು. 1955ರಲ್ಲಿ ಬಂಧಿತರಾಗಿ, ಬಿಡುಗಡೆಯಾಗಿ, ಮತ್ತೆ 1958ರಿಂದ 1980ರವರೆಗೆ ಸೆರೆಯಲ್ಲಿದ್ದ ವಾಂಗ್ ಮಿಂಗ್‌ದಾವ್ ಮೊದಲನೆಯ ಸಾಲಿಗೆ ಸೇರಿದರು. ತ್ರಿಸ್ವಯಂ ಚಳವಳಿಯನ್ನು ಕಟ್ಟಿದ ವೂ ಯಾವ್‌ಜೊಂಗ್ ಎರಡನೆಯ ಸಾಲಿಗೆ. ಝಾವ್ ಅವರದು ಎರಡಕ್ಕೂ ಒಗ್ಗದ ಬದುಕು. ಆದ್ದರಿಂದ ಅವರನ್ನು ಮರೆಯಲಾಯಿತು. ರಾಜೀನಾಮೆ ಕೊಟ್ಟ ಅಧ್ಯಕ್ಷರೆಂದು ಒಂದು ಅಡಿಟಿಪ್ಪಣಿಯಲ್ಲಿ ಉಳಿದರು. ಬೀಜಿಂಗಿನಲ್ಲಿ ಅಮೆರಿಕದ ಕೈಗೊಂಬೆಯಾದವರು ಅಮೆರಿಕದಲ್ಲಿ ಕಮ್ಯುನಿಸ್ಟರ ಕೈಗೊಂಬೆಯೆನಿಸಿದರು. ಎರಡು ತೀರ್ಪುಗಳಿಗೂ ಒಂದೇ ತೂಕವಿಲ್ಲ ಎಂಬುದನ್ನು ಒಪ್ಪುತ್ತೇವೆ. ಬೀಜಿಂಗಿನ ತೀರ್ಪಿನ ಹಿಂದೆ ಪೊಲೀಸರಿದ್ದರು, ಪಶ್ಚಿಮದ ತೀರ್ಪಿನ ಹಿಂದೆ ಇದ್ದದ್ದು ಮರೆವು ಮಾತ್ರ. ಆದರೂ ಸತ್ತ ಮೇಲೆ ಒಬ್ಬ ಬರಹಗಾರನಿಗೆ ಮರೆವು ಚಿಕ್ಕ ಶಿಕ್ಷೆಯಲ್ಲ.

ನಾವು ಕಥೋಲಿಕರು ಇದನ್ನು ಪ್ರೊಟೆಸ್ಟೆಂಟರ ಮನೆಯ ಜಗಳವೆಂದು ಓದಬಾರದು. ಮಾ ಶಿಯಾಂಗ್‌ಬೋ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? 1840ರಲ್ಲಿ ಹಳೆಯ ಕಥೋಲಿಕ ಕುಟುಂಬದಲ್ಲಿ ಹುಟ್ಟಿ, ಯೇಸುಸಭೆಯ ಗುರುವಾಗಿ, 1876ರಲ್ಲಿ ಸಭೆಯನ್ನು ಬಿಟ್ಟು ಹೊರಬಂದವರು ಅವರು. ಆದರೂ ತಮ್ಮ ಪಿತ್ರಾರ್ಜಿತ ಆಸ್ತಿಯನ್ನು ವಿದ್ಯಾಲಯಕ್ಕೆಂದು ಅದೇ ಯೇಸುಸಭೆಗೆ ಒಪ್ಪಿಸಿ, 1903ರಲ್ಲಿ ಶಾಂಘೈಯಲ್ಲಿ ಅರೋರಾ ವಿದ್ಯಾಲಯವನ್ನು ತೆರೆದರು. 1905ರಲ್ಲಿ ಫ್ರೆಂಚ್ ಗುರುಗಳು ಅದರ ಸ್ವರೂಪವನ್ನೇ ಬದಲಾಯಿಸಹೊರಟಾಗ ವಿದ್ಯಾರ್ಥಿಗಳು ಹೊರನಡೆದರು. ಮಾ ಅವರನ್ನು ಕಟ್ಟಿಕೊಂಡು ಫೂದಾನ್ ಎಂಬ ಹೊಸ ಶಾಲೆಯನ್ನು ಆರಂಭಿಸಿದರು. ಅದು ಇಂದಿನ ಪ್ರಖ್ಯಾತ ಫೂದಾನ್ ವಿಶ್ವವಿದ್ಯಾಲಯ. ಚೀನಾದಲ್ಲಿ ಕಥೋಲಿಕ ವಿಶ್ವವಿದ್ಯಾಲಯ ಬೇಕೆಂದು 1912ರಲ್ಲಿ ಜಗದ್ಗುರುಗಳಿಗೆ ಮನವಿ ಬರೆದವರಲ್ಲಿಯೂ ಅವರೇ ಇದ್ದರು. ಫ್ರೆಂಚ್ ಮಿಷನ್ನಿನ ಕಣ್ಣಿಗೆ ಅವರು ಅಂಕೆ ಮೀರಿದ ಮಾಜಿ ಗುರು. ಜಪಾನೀ ದಾಳಿಯ ಕಾಲದ ಚೀನೀಯರಿಗೆ ರಾಷ್ಟ್ರದ ಹಿರಿಯಜ್ಜ. ಇಂದು ಫೂದಾನಿನಲ್ಲಿ ಅವರನ್ನು ಸ್ಮರಿಸುವಾಗ ಶಿಕ್ಷಣತಜ್ಞ, ದೇಶಭಕ್ತ ಎಂಬ ಮಾತುಗಳೇ ಮುಂದೆ ಬರುತ್ತವೆ. ವಿಶ್ವಾಸದ ಮಾತು ಹಿಂದೆ ಸರಿಯುತ್ತದೆ. ಅವರು 1939ರ ನವೆಂಬರ್ 4ರಂದು ವಿಯೆಟ್ನಾಮಿನ ಲಾಂಗ್‌ಸೋನ್‌ನಲ್ಲಿ ತೀರಿಕೊಂಡರು. ಪೂರ್ವಜರಿಗೂ ಕನ್‌ಫ್ಯೂಷಿಯಸ್‌ನಿಗೂ ಗೌರವ ಸಲ್ಲಿಸುವ ಆಚರಣೆಗಳ ಮೇಲೆ 1704ರಿಂದ ಬಿಗಿಯಾಗುತ್ತ ಬಂದಿದ್ದ ನಿಷೇಧವನ್ನು ರೋಮ್ ಸಡಿಲಿಸಿದ್ದು ಅದೇ ವರ್ಷ ಡಿಸೆಂಬರ್ 8ರಂದು. ಚೀನೀ ವಿದ್ವಾಂಸನಾಗಿಯೂ ಕ್ರೈಸ್ತನಾಗಿಯೂ ಇರುವುದು ತಪ್ಪಲ್ಲವೆಂಬ ಮಾತನ್ನು ಕೇಳಲು ಆ ಹಿರಿಯರು ಒಂದು ತಿಂಗಳು ಸಾಲದೆ ಹೋದರು. ಈ ವಿಷಯದಲ್ಲಿ ಎರಡು ಶತಮಾನ ಕಾಲ ತೀರ್ಪು ಬರೆದದ್ದು ಕಮ್ಯುನಿಸ್ಟ್ ಪಕ್ಷವಲ್ಲ, ನಾವೇ.

ಇನ್ನೂ ಹತ್ತಿರದ ಉದಾಹರಣೆ ಶಾಂಘೈಯದು. 1955ರ ಸೆಪ್ಟೆಂಬರ್ 8ರ ರಾತ್ರಿ ಧರ್ಮಾಧ್ಯಕ್ಷ ಇಗ್ನೇಷಿಯಸ್ ಗೊಂಗ್ ಪಿನ್‌ಮೆಯ್ ಅವರನ್ನೂ, ರೋಮಿನಲ್ಲಿ ಡಾಕ್ಟರೇಟ್ ಮುಗಿಸಿ ಬಂದಿದ್ದ ಯೇಸುಸಭೆಯ ಅಲೋಶಿಯಸ್ ಜಿನ್ ಲುಶಿಯಾನ್ ಅವರನ್ನೂ ಒಟ್ಟಿಗೆ ಬಂಧಿಸಲಾಯಿತು. ಇಬ್ಬರೂ ದಶಕಗಳ ಕಾಲ ಸೆರೆಯಲ್ಲಿದ್ದರು. ಗೊಂಗ್ ಮಣಿಯಲಿಲ್ಲ, 1979ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲ್ ಗುಟ್ಟಾಗಿ ಅವರನ್ನು ಕಾರ್ಡಿನಲ್ ಆಗಿ ನೇಮಿಸಿ, 1991ರಲ್ಲಿ ಅದನ್ನು ಬಹಿರಂಗಪಡಿಸಿದರು. ಜಿನ್ ಬಿಡುಗಡೆಯ ಬಳಿಕ ಶಾಂಘೈ ಹತ್ತಿರದ ಶೆಶಾನ್ ಗುರುಮಠವನ್ನು ಕಟ್ಟಿ ನಿಲ್ಲಿಸಿ, 1985ರಲ್ಲಿ ರೋಮಿನ ಅಪ್ಪಣೆಯಿಲ್ಲದೆ ಧರ್ಮಾಧ್ಯಕ್ಷರಾದರು. ನಾವು ಗುರುಮಠದಲ್ಲಿ ಓದುತ್ತಿದ್ದಾಗ ಮೊದಲನೆಯವರ ಕಥೆಯನ್ನು ಕಣ್ಣೀರಿನೊಡನೆ ಕೇಳಿದ್ದೆವು. ಎರಡನೆಯವರ ಹೆಸರನ್ನು ಕೇಳಿರಲೇ ಇಲ್ಲ, ಕೇಳಿದ್ದರೂ ‘ಸರಕಾರದ ಬಿಷಪ್’ ಎಂದೇ ಕೇಳುತ್ತಿದ್ದೆವು. ಮುಂದೆ ರೋಮ್ ಅವರನ್ನು ಅಂಗೀಕರಿಸಿತು. ಅವರು ತರಬೇತಿ ಕೊಟ್ಟ ಗುರುಗಳು ಇಂದು ಚೀನಾದ ಹಲವೆಡೆ ಬಲಿಪೂಜೆ ಅರ್ಪಿಸುತ್ತಿದ್ದಾರೆ. ಗೊಂಗ್ ಅವರ ಸಾಕ್ಷ್ಯದ ಹೊಳಪು ಇದರಿಂದ ಒಂದಿಷ್ಟೂ ಕುಂದುವುದಿಲ್ಲ. ನಮ್ಮ ಪಾಠ ಮಾತ್ರ ಅರ್ಧವಾಗಿತ್ತು.

ಮತ್ತೆ ಆ ಬ್ರದರ್ ಕೇಳಿದ ಪ್ರಶ್ನೆಗೆ ಬರುತ್ತೇವೆ. 1952ರ ಬಳಿಕ ಝಾವ್ ಇಪ್ಪತ್ತೇಳು ವರ್ಷ ಬದುಕಿದ್ದರು. 1979ರ ನವೆಂಬರಿನಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಬೀಜಿಂಗಿನಲ್ಲಿ ತೀರಿಕೊಂಡರು. ಆ ದೀರ್ಘ ಕಾಲದಲ್ಲಿ ಹಿಂದಿನ ದೈವಶಾಸ್ತ್ರ ಕೃತಿಗಳ ಸಾಲಿಗೆ ಸೇರುವಂಥ ಗ್ರಂಥವನ್ನು ಅವರು ಪ್ರಕಟಿಸಲಿಲ್ಲ. ಅವರು ವಿಶ್ವಾಸವನ್ನು ಬಿಟ್ಟರೆಂದು ಹೇಳುವವರೂ, ಒಳಗೆ ಉಳಿಸಿಕೊಂಡರೆಂದು ಹೇಳುವವರೂ ಇದ್ದಾರೆ. ಬಿಟ್ಟರೆನ್ನುವ ಮಾತು ಒಂದು ಕಾಲಕ್ಕೆ ಎರಡು ಕಡೆಯವರಿಗೂ ಅನುಕೂಲವಾಗಿತ್ತೆಂಬುದನ್ನು ನಾವು ಗಮನಿಸಬೇಕು: ಧರ್ಮ ತಾನಾಗಿಯೇ ಕಳಚಿಬೀಳುತ್ತದೆಂಬ ಸಿದ್ಧಾಂತಕ್ಕೆ ಅದು ಅಲ್ಲಿ ಪುರಾವೆ, ಉದಾರವಾದಿ ದೈವಶಾಸ್ತ್ರ ಕೊನೆಗೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಇಲ್ಲಿ ಪುರಾವೆ. ಉಳಿಸಿಕೊಂಡರೆನ್ನುವ ಮಾತು ಇಂದಿನ ಅಭಿಮಾನಿಗಳಿಗೆ ಅನುಕೂಲ. ಇಂದು ಅವರು ಚೀನೀ ದೇಶೀಯ ದೈವಶಾಸ್ತ್ರದ ಹಿರಿಯರಲ್ಲೊಬ್ಬರು; ಕ್ರೈಸ್ತಧರ್ಮವನ್ನು ಚೀನೀಕರಿಸಬೇಕೆಂಬ ಈಗಿನ ಸರಕಾರದ ನೀತಿಗೂ ಅಂಥ ಹಿರಿಯರು ಬೇಕಾಗಿದ್ದಾರೆ. ಈ ಕೀರ್ತಿಗೂ ಒಂದು ತಾರೀಖಿದೆ.

ಆದುದರಿಂದ ಆ ದಿನದ ನಮ್ಮ ಉತ್ತರವನ್ನು ಹಿಂದಕ್ಕೆ ಪಡೆಯುತ್ತೇವೆ. ಮಾತನಾಡುವ ಸ್ವಾತಂತ್ರ್ಯವೂ ಸುಮ್ಮನಿರುವ ಸ್ವಾತಂತ್ರ್ಯವೂ ಇಲ್ಲದಿದ್ದ ಮನುಷ್ಯನ ಬಾಯಿಂದ ಬಂದ ಮಾತನ್ನು ಮರಣಶಯ್ಯೆಯ ಸಾಕ್ಷ್ಯದಂತೆ ಓದುವ ಅಧಿಕಾರ ನಮಗಿಲ್ಲ. ಸ್ವತಂತ್ರವಾಗಿದ್ದಾಗ ಅವರು ಬರೆದದ್ದು ನಮ್ಮ ಮುಂದಿದೆ. ಅದರ ಮೇಲೆ ವಾದಿಸಬಹುದು. ಅವರ ಯೇಸುಚರಿತ್ರೆಯ ಕ್ರಿಸ್ತಶಾಸ್ತ್ರ ತೆಳುವಾಯಿತೆಂದು ನಮಗೂ ಅನ್ನಿಸುತ್ತದೆ, ಸೆರೆಮನೆಯ ಬಳಿಕದ ಬರಹ ಗಟ್ಟಿಯೆನ್ನಿಸುತ್ತದೆ. ಮುಂದಿನ ವರ್ಷ ತಾಂಬರಂ ಚರ್ಚೆಯನ್ನು ಪಾಠ ಮಾಡುವಾಗ ಕ್ರೇಮರ್, ಚೆಂಚಯ್ಯನವರ ಜೊತೆಗೆ ದೈವಪ್ರಕಟಣೆಯನ್ನು ಕುರಿತ ಝಾವ್ ಅವರ ಪ್ರಬಂಧವನ್ನೂ ಓದಿಸಬೇಕೆಂದು ನಿಶ್ಚಯಿಸಿದ್ದೇವೆ.

ಝಾವ್ ಅವರ ಮಗಳು ಝಾವ್ ಲುವೊರುಯಿ ಎಲಿಯಟ್ ಮತ್ತು ವಿಟ್‌ಮನ್ ಕಾವ್ಯವನ್ನು ಚೀನೀ ಭಾಷೆಗೆ ತಂದವರು. ಗಂಡನನ್ನು ಕಳೆದುಕೊಂಡು, ದೀರ್ಘಕಾಲದ ಮನೋರೋಗದೊಡನೆ ಹೆಣಗಾಡುತ್ತಲೇ ವಿಟ್‌ಮನ್ ಕವಿತೆಗಳ ಅನುವಾದವನ್ನು ಪೂರ್ತಿಗೊಳಿಸಿ 1991ರಲ್ಲಿ ಪ್ರಕಟಿಸಿ, 1998ರ ಮೊದಲ ದಿನ ತೀರಿಕೊಂಡರು. ತಂದೆ ಮಗಳಿಬ್ಬರೂ ಬಾಳಿದ ಬೀಜಿಂಗಿನ ಹಳೆಯ ಅಂಗಳದ ಮನೆಯನ್ನು, ಹಲವು ವಿದ್ವಾಂಸರು ಬೇಡವೆಂದು ಕೇಳಿಕೊಂಡರೂ, 2000ದಲ್ಲಿ ಕೆಡವಿಹಾಕಲಾಯಿತು. ಮೂರು ವರ್ಷಗಳ ಬಳಿಕ ಅದೇ ನಗರದಿಂದ ಝಾವ್ ಜಿಚೆನ್ ಅವರ ಸಂಗ್ರಹಿತ ಬರಹಗಳ ಮೊದಲ ಸಂಪುಟ ಹೊರಬಂತು.